ಮೂರನೇ ಸಲದ ಬೇಡ

ಚಳಿಗಾಲದಲ್ಲಿ ನಮ್ಮ ಅಗೇಟ್ ಕೋವ್‌ಗೆ ಸೂರ್ಯನಿಗಿಂತ ಮೊದಲು ಬರುವುದು ಆರ್ಡಿಸ್ ಲಿಂಡ್ವಿಕ್‌ಳ ಹಳದಿ ಬಸ್ಸು. ಸುಪೀರಿಯರ್ ಸರೋವರದ ಉತ್ತರ ದಂಡೆಯಲ್ಲಿ ಜನವರಿ ಅಂದರೆ ಮೂಗಿನ ಕೂದಲೂ ಹೆಪ್ಪುಗಟ್ಟುವ ಕಾಲ. ಊರಿನ ಅರ್ಧ ಕಾರುಗಳು ಗೊರಗೊರ ಅಂದು ಸುಮ್ಮನಾಗುತ್ತವೆ. ಆದರೆ ಆರ್ಡಿಸ್‌ಳ ಬಸ್ಸು ಒಂದು ದಿನವೂ ಕೈಕೊಟ್ಟಿಲ್ಲ. ಅರವತ್ತು ದಾಟಿದ ಹೆಂಗಸು, ಗಿಡ್ಡ ಆಳು, ಅಗಲ ಭುಜ, ಕಿವಿ ಮುಚ್ಚುವ ಕೆಂಪು ಟೋಪಿ. ಎಲ್ಲರಿಗಿಂತ ಮೊದಲು ಎದ್ದು ಬಸ್ಸಿನ ಗಾಜಿನ ಹಿಮ ಕೆರೆದು, ಮಕ್ಕಳು ಹತ್ತುವ ಹೊತ್ತಿಗೆ ಸೀಟು ಬೆಚ್ಚಗಿರುವ ಹಾಗೆ ನೋಡಿಕೊಳ್ಳುತ್ತಾಳೆ. ಊರಿನಲ್ಲಿ ಇವತ್ತು ಗಡ್ಡ ಬಿಟ್ಟುಕೊಂಡು ಓಡಾಡುವ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಅವಳ ಬಸ್ಸಿನಲ್ಲಿ ಅತ್ತುಕೊಂಡು ಶಾಲೆಗೆ ಹೋದವರೇ.

ಈ ಆರ್ಡಿಸ್ ಹುಟ್ಟಿದಾಗಿನಿಂದ ಒಂದು ದಿನವನ್ನೂ ತನ್ನೊಬ್ಬಳಿಗೆ ಅಂತ ಇಟ್ಟುಕೊಂಡವಳಲ್ಲ. ಹೆರಿಂಗ್ ಮೀನು ಹಿಡಿಯುತ್ತಿದ್ದ ಅಪ್ಪನಿಗೆ ಎಂಟು ಮಕ್ಕಳು, ಇವಳು ಆರನೆಯವಳು. ಒಂದೇ ಹಾಸಿಗೆಯಲ್ಲಿ ನಾಲ್ವರು ಹುಡುಗಿಯರು ಮಲಗಬೇಕು, ಇವಳಿಗೆ ನಡುವಿನ ಜಾಗ. ಎಡಕ್ಕೆ ಹೊರಳಿದರೆ ಒಬ್ಬಳ ಮೊಣಕೈ, ಬಲಕ್ಕೆ ಹೊರಳಿದರೆ ಇನ್ನೊಬ್ಬಳ ಜಡೆ. ಒಡಹುಟ್ಟಿದವರೆಲ್ಲ ಮದುವೆಯಾಗಿ ಹೊರಟ ಮೇಲೆ ಅಮ್ಮ ಹಾಸಿಗೆ ಹಿಡಿದಳು, ಆ ಸೇವೆಯಲ್ಲಿ ಆರ್ಡಿಸ್‌ಳ ಹರೆಯವೆಲ್ಲ ಮುಗಿಯಿತು. ಹಗಲು ಬಸ್ಸಿನ ತುಂಬ ಮಕ್ಕಳು, "ಆರ್ಡಿಸ್ ಮಿಸ್, ಇವನು ನನ್ನ ಟೋಪಿ ಕಿತ್ಕೊಂಡ" ಅನ್ನುವ ಕೂಗು. ಸಂಜೆ ಅಮ್ಮ ಹಾಸಿಗೆಯಿಂದ ಬಾರಿಸುವ ಗಂಟೆ. ರಜೆಯ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕಾಯಿಸುವ ಹೆಂಗಸರ ಗುಂಪು. ಅಮ್ಮ ತೀರಿಕೊಂಡಳು ಅನ್ನುವಷ್ಟರಲ್ಲಿ ಅಣ್ಣ ಲೆಸ್ಟರ್‌ಗೆ ಕಾಯಿಲೆ. ಅವನೂ ಹೋದ ಮೇಲೆ ಅವನ ಹೆಂಡತಿ ಮಾರ್ಲಿಸ್ ಪ್ರತಿ ಭಾನುವಾರ ಚರ್ಚು ಮುಗಿಸಿ ಆರ್ಡಿಸ್‌ಳ ಮನೆಗೆ ಊಟಕ್ಕೆ ಬರತೊಡಗಿದಳು. ಇಷ್ಟಾದರೂ ಆರ್ಡಿಸ್ ಒಮ್ಮೆಯೂ ಗೊಣಗಿದ್ದನ್ನು ಊರು ಕೇಳಿಲ್ಲ. ಬೇರೆಯವರಾಗಿದ್ದರೆ ಊರಿಗೆಲ್ಲ ಕೇಳುವ ಹಾಗೆ ಗೋಳಾಡುತ್ತಿದ್ದರು.

ನಮ್ಮೂರಿನ ನಾರ್ವೆ ಮೂಲದ ಮನೆಗಳ ಒಂದು ರೀತಿಯನ್ನು ಇಲ್ಲಿ ಹೇಳಲೇಬೇಕು. ಇಲ್ಲಿ ಯಾರಾದರೂ ಕಾಫಿ ಕುಡಿಯುತ್ತೀರಾ ಅಂತ ಕೇಳಿದರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲ ಕೇಳಿದರೂ, ಅಯ್ಯೋ ತೊಂದರೆ ತೊಗೋಬೇಡಿ ಅನ್ನಬೇಕು. ಮೂರನೇ ಸಲ ಕೇಳಿದಾಗ, ಹಾಗಾದ್ರೆ ಅರ್ಧ ಲೋಟ ಸಾಕು ಅಂತ ಒಪ್ಪಿಕೊಳ್ಳಬೇಕು. ಕೇಳುವವರಿಗೂ ಅದೇ ನಿಯಮ, ಮೂರು ಸಲ ಕೇಳದಿದ್ದರೆ ಮನಸ್ಸಿಲ್ಲದೆ ಕರೆದರು ಅಂತ ಅರ್ಥ. ಮೂರನೇ ಸಲ ಬೇಡ ಅಂದರೆ ಮುಖಕ್ಕೆ ಹೊಡೆದ ಹಾಗೆ. ಈ ದಾಕ್ಷಿಣ್ಯದಲ್ಲಿ ಎಷ್ಟು ಕಾಫಿ ಆರಿಹೋಗಿದೆಯೋ, ಎಷ್ಟು ಬಾಳು ಆರಿಹೋಗಿದೆಯೋ ಲೆಕ್ಕ ಇಟ್ಟವರಿಲ್ಲ. ಆರ್ಡಿಸ್‌ಳದ್ದೇ ನೋಡಿ. ಹರೆಯದಲ್ಲಿ ರಸ್ತೆ ಕೆಲಸಕ್ಕೆ ಬಂದಿದ್ದ ಚಿಕಾಗೋದ ಗಂಡಸೊಬ್ಬ ನನ್ನನ್ನು ಮದುವೆಯಾಗ್ತೀಯಾ ಅಂತ ಕೇಳಿದ. ಅಮ್ಮನನ್ನು ಬಿಟ್ಟು ಹೇಗೆ ಬರಲಿ ಅಂದಳು. ಮಾರನೆಯ ವಾರ ಮತ್ತೆ ಕೇಳಿದ. ನಿಮಗ್ಯಾಕೆ ಸುಮ್ಮನೆ ತೊಂದರೆ ಅಂದಳು. ಅವನು ಹೊರಗಿನವನು, ಪಾಪ, ಎರಡೇ ಸಲಕ್ಕೆ ನಂಬಿಬಿಟ್ಟ. ರಸ್ತೆ ಮುಗಿಸಿ ಹೊರಟೇಹೋದ. ಯಾರಾದರೂ ಆ ಮಾತೆತ್ತಿದರೆ, ಅವನು ಊಟ ಮಾಡುವಾಗ ಬಾಯಿ ಸದ್ದು ಮಾಡುತ್ತಿದ್ದ ಬಿಡಿ ಅಂತ ಆರ್ಡಿಸ್ ತೇಲಿಸಿಬಿಡುತ್ತಾಳೆ.

ಇಂಥವಳ ತಲೆಗೆ ಜ್ವಾಲಾಮುಖಿಯ ಹುಳ ಬಿಟ್ಟದ್ದು ಶಾಲೆಯ ಪ್ರವಾಸ. ಐದನೇ ತರಗತಿಯವರನ್ನು ಸರೋವರದ ದಂಡೆಗೆ ಕರೆದುಕೊಂಡು ಹೋಗಿದ್ದಳು. ಕಲ್ಲುಗಳ ಬಗ್ಗೆ ಹೇಳಲು ಬಂದ ಹುಡುಗಿ ದಂಡೆಯ ಕಪ್ಪು ಬಂಡೆಯನ್ನು ತಟ್ಟಿ, ಇದೆಲ್ಲ ನೂರು ಕೋಟಿ ವರ್ಷಕ್ಕೂ ಹಿಂದೆ ನೆಲ ಸೀಳಿಕೊಂಡು ಉಕ್ಕಿದ ಲಾವಾ, ನೀವೆಲ್ಲ ಆರಿದ ಬೆಂಕಿಯ ಮೇಲೆ ಮನೆ ಕಟ್ಟಿಕೊಂಡಿದ್ದೀರಿ ಅಂದಳು. ಮಕ್ಕಳು ಮೀನು ನೋಡಲು ನೀರಿನತ್ತ ಓಡಿದರು. ಹಿಂದೆ ನಿಂತಿದ್ದ ಆರ್ಡಿಸ್ ಕೈಗವಸು ತೆಗೆದು ಬಂಡೆಯ ಮೇಲೆ ಅಂಗೈ ಇಟ್ಟಳು. ಈ ಬಂಡೆಯ ಮೇಲೇ ಅಪ್ಪ ಬಲೆ ಒಣಗಿಸಿದ್ದ, ಅಮ್ಮ ಹೊದಿಕೆ ಒಗೆದಿದ್ದಳು, ಇವಳು ಬಿದ್ದು ಹಲ್ಲು ಮುರಿದುಕೊಂಡಿದ್ದಳು. ಒಬ್ಬರಿಗಾದರೂ ಇದು ಒಂದು ಕಾಲಕ್ಕೆ ಕೆಂಪಗೆ ಹರಿಯುತ್ತಿತ್ತು ಅಂತ ಹೊಳೆದಿರಲಿಲ್ಲ. ಇನ್ನೂ ಆರದೆ ಇರುವ ಜಾಗವೊಂದನ್ನು ಕಣ್ಣಾರೆ ನೋಡಬೇಕು ಅನ್ನುವ ಆಸೆ ಆವತ್ತು ಹುಟ್ಟಿತು. ಅದರ ಹಿಂದೆಯೇ, ಒಬ್ಬಳೇ ಹೋಗಿ ನೋಡಬೇಕು ಅನ್ನುವ ಆಸೆಯೂ ಹುಟ್ಟಿತು, ಅದಕ್ಕೆ ಅವಳೇ ಬೆಚ್ಚಿಬಿದ್ದಳು.

ಊರಿನವರು ಬೆಚ್ಚಗಿನ ಕಡೆಗೆ ಹೋಗುವುದಿಲ್ಲ ಅಂತಲ್ಲ. ಚರ್ಚಿನವರು ಗುಂಪು ಕಟ್ಟಿಕೊಂಡು ಹವಾಯಿಗೆ ಹೋಗುತ್ತಾರೆ, ಒಂದೇ ಬಣ್ಣದ ಅಂಗಿ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಬರುತ್ತಾರೆ. ಆರ್ಡಿಸ್ ಅದಕ್ಕೇ ಹವಾಯಿಯನ್ನು ಕೈಬಿಟ್ಟಳು. ಇಡೀ ಶರತ್ಕಾಲ ಗ್ರಂಥಾಲಯದ ನಕ್ಷೆಗಳ ಮುಂದೆ ಕೂತು, ಊರಿನ ಯಾರೂ ಬೇಕು ಅನ್ನದಂಥ ದ್ವೀಪವನ್ನು ಹುಡುಕಿದಳು. ಕೊನೆಗೆ ಸಿಕ್ಕಿದ್ದು ಕೆರಿಬಿಯನ್ ಸಮುದ್ರದ ಡೊಮಿನಿಕಾ. ಬಿಳಿ ಮರಳಿನ ಕಡಲತೀರ ಹುಡುಕುವವರಿಗೆ ಹೇಳಿ ಮಾಡಿಸಿದ ಜಾಗವಲ್ಲ ಅದು. ಇರುವುದೆಲ್ಲ ಕಡಿದಾದ ಬೆಟ್ಟ, ಮಳೆ, ಕೆಸರು, ನೆಲದೊಳಗಿಂದ ಹೊಗೆಯಾಡುವ ಗಂಧಕದ ಕಣಿವೆ. ಆ ಕಣಿವೆ ದಾಟಿ ಮೇಲೆ ಹತ್ತಿದರೆ ಒಂದು ಸರೋವರವಿದೆ, ಅದು ಕುದಿಯುತ್ತದೆ. ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಕುದಿಯುತ್ತದೆ. ಬೇಸಿಗೆಯಲ್ಲೂ ಕಾಲಿಟ್ಟರೆ ಮರಗಟ್ಟಿಸುವ ಸರೋವರದ ದಂಡೆಯಲ್ಲಿ ಹುಟ್ಟಿ ಬೆಳೆದವಳಿಗೆ ಕುದಿಯುವ ಸರೋವರ ಅಂದರೆ ಹೇಗಾಗಿರಬೇಡ. ಅವಳು ಆ ಪುಟದ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದಳು, ಗ್ರಂಥಾಲಯದವರು ಬಂದು ದೀಪ ಆರಿಸುತ್ತೇವೆ ಅಂತ ಹೇಳಬೇಕಾಯಿತು.

ಬೆಟ್ಟದ ಬುಡದ ಲೋಡಾ ಎಂಬ ಹಳ್ಳಿಯಲ್ಲಿ ಕೋಣೆ ಬಾಡಿಗೆಗೆ ಕೊಡುವ ಹೆಂಗಸೊಬ್ಬಳಿದ್ದಾಳೆ, ಎಲ್ಲರೂ ಅವಳನ್ನು ಮಾ ಯೂಜೀನಿ ಅನ್ನುತ್ತಾರೆ. ಆರ್ಡಿಸ್ ಅವಳಿಗೆ ಫೋನು ಮಾಡಿದಳು. ಎಷ್ಟು ಜನ ಅಂತ ಅವಳು ಕೇಳಿದಳು.

"ಒಬ್ಬಳು."

"ಒಬ್ಬಳೇನಾ? ಗಂಡ, ಮಕ್ಕಳು, ಗೆಳತೀರು ಯಾರೂ ಇಲ್ವಾ ಜೊತೆಗೆ?"

"ಯಾರೂ ಇಲ್ಲ. ನಾನೊಬ್ಬಳೇ."

ಅಷ್ಟು ಹೇಳಿ ಆರ್ಡಿಸ್‌ಗೆ ಎದೆ ಹಗುರಾಯಿತು. ಇನ್ನೊಂದು ಸಲ ಕೇಳಲಿ ಅನ್ನಿಸಿತು. ಮಾ ಯೂಜೀನಿ ಒಳ್ಳೆಯ ಮಾತುಗಾತಿ, ಆದರೆ ಸುತ್ತಿಬಳಸಿ ಮಾತಾಡುವವಳಲ್ಲ. ಕೆಸುವಿನ ಗಡ್ಡೆ, ದೀವಿ ಹಲಸು ತಿನ್ನುತ್ತೀಯಾ, ಇಲ್ಲದಿದ್ದರೆ ಈಗಲೇ ಹೇಳು ಅಂದಳು. ನಿನಗೆ ಪ್ರೀತಿ ಇರುವ ಶೂ ತರಬೇಡ, ನಮ್ಮ ಕೆಸರು ಅದನ್ನು ನುಂಗುತ್ತದೆ ಅಂದಳು. ಮಿಕ್ಕ ದಾರಿಗಳಲ್ಲಿ ಹೇಗಾದರೂ ಹೋಗು, ಕುದಿಯುವ ಸರೋವರಕ್ಕೆ ಮಾತ್ರ ದಾರಿ ಬಲ್ಲವನಿಲ್ಲದೆ ಬಿಡುವುದಿಲ್ಲ, ನನ್ನ ತಂಗಿಯ ಮಗ ಬರುತ್ತಾನೆ ಅಂದಳು. ಆರ್ಡಿಸ್ ಒಂದೇ ಷರತ್ತು ಹಾಕಿದಳು, ಅವನು ದಾರಿಯುದ್ದಕ್ಕೂ ಮಾತಾಡಬಾರದು. ಆ ಕಡೆಯಿಂದ ಜೋರು ನಗು ಕೇಳಿತು. ಅವನ ಬಾಯಿಂದ ಮಾತು ಹೊರಡಿಸೋದೇ ನಮಗೆ ಕಷ್ಟ, ಚಿಂತೆ ಬಿಡು ಅಂದಳು ಮಾ ಯೂಜೀನಿ.

ಮಾರ್ಚ್ ತಿಂಗಳ ಶಾಲೆಯ ರಜೆಗೆ ಹೊರಡುವುದು ಅಂತ ತೀರ್ಮಾನವಾಯಿತು. ಅಲ್ಲಿಂದ ಆರ್ಡಿಸ್ ನಡೆಸಿದ ತಯಾರಿ ನೋಡಬೇಕಿತ್ತು. ನಾವೆಲ್ಲ ಚಳಿಗಾಲದಲ್ಲಿ ಕಾರು ಜಾರದಿರಲಿ ಅಂತ ಡಿಕ್ಕಿಯಲ್ಲಿ ಮರಳಿನ ಚೀಲ ಇಟ್ಟುಕೊಳ್ಳುತ್ತೇವೆ. ಅವಳು ಆ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಊರ ಹಿಂದಿನ ಗುಡ್ಡ ಹತ್ತತೊಡಗಿದಳು. ಬೆಳಗಿನ ಬಸ್ಸು ಮುಗಿಸಿ ಒಂದು ಸಲ, ಮಧ್ಯಾಹ್ನದ ಬಸ್ಸು ಹೊರಡುವ ಮುಂಚೆ ಇನ್ನೊಂದು ಸಲ. ಮೊಣಕಾಲುದ್ದದ ಹಿಮದಲ್ಲಿ ಹಠ ಹಿಡಿದು ಹತ್ತುವುದು, ಮೇಲೆ ನಿಂತು ಸರೋವರ ನೋಡುವುದು, ಇಳಿಯುವುದು. ಅಂಗಡಿಯಲ್ಲಿ ಜನ ಕಿಚಾಯಿಸಿದರು. ಬೆಂಕಿ ನೋಡೋಕೆ ಅಷ್ಟು ದೂರ ಯಾಕೆ, ಚರ್ಚಿನ ಬಾಯ್ಲರ್ ಕೋಣೆಗೆ ಹೋದರೆ ಸಾಲದಾ ಅಂತ ಕೇಳಿದರು. ಆ ಬಾಯ್ಲರ್ ಆರಿ ಎರಡು ವಾರ ಆಯ್ತು, ನೀವು ಪ್ರಾರ್ಥನೆಗೆ ಬಂದಿದ್ರೆ ಗೊತ್ತಾಗ್ತಿತ್ತು ಅಂತ ಆರ್ಡಿಸ್ ಸಾಮಾನು ಎತ್ತಿಕೊಂಡು ಹೊರಟಳು.

ಚಳಿಗೇನೋ ಅವಳ ಮೈ ಒಗ್ಗಿತ್ತು, ಸೆಕೆಗೆ ಒಗ್ಗಬೇಕಲ್ಲ. ಅದಕ್ಕೆ ಪಕ್ಕದ ಮನೆಯ ಟೋಯ್ವೊ ರೌಟಿಯೋನ ಸೌನಾ ಇತ್ತು. ಟೋಯ್ವೊ ಫಿನ್ನಿಷ್ ಮುದುಕ, ಹೆಂಡತಿ ಸತ್ತವನು, ಮನೆ ಹಿಂದೆ ಕೈಯಾರೆ ಕಟ್ಟಿದ ಮರದ ಬಿಸಿಕೋಣೆ ಇಟ್ಟುಕೊಂಡಿದ್ದಾನೆ. ಶನಿವಾರ ಮೊದಲು ಹೆಂಗಸರು, ಆಮೇಲೆ ಗಂಡಸರು. ಆರ್ಡಿಸ್ ಬೂಟು ಹಾಕಿಕೊಂಡು, ಮರಳಿನ ಚೀಲ ಹೊತ್ತುಕೊಂಡು ಆ ಉರಿಯೊಳಗೆ ಹೋಗಿ ಬೆಂಚು ಹತ್ತಿ ಇಳಿಯತೊಡಗಿದಳು. ಹೊರಗೆ ಸೌದೆ ಒಡೆಯುತ್ತಿದ್ದ ಟೋಯ್ವೊ ಒಳಗಿನ ಧಡಧಡ ಸದ್ದು ಕೇಳಿ ಬಾಗಿಲ ಬಳಿ ಬಂದ. ಚರ್ಚಿನಲ್ಲಿ ಹೇಗೆ ಕೂರುತ್ತಾರೋ ಸೌನಾದಲ್ಲೂ ಹಾಗೆ ಕೂರಬೇಕು ತಾಯಿ, ಎರಡರಲ್ಲೂ ಕುಣಿಯಬಾರದು ಅಂದ. ಅಂದನೇ ಹೊರತು ಮುಂದಿನ ಶನಿವಾರದಿಂದ ಒಂದು ಗಂಟೆ ಮೊದಲೇ ಒಲೆ ಹಚ್ಚಿಡತೊಡಗಿದ. ಬೆವರಿನಲ್ಲಿ ತೊಯ್ದು, ಮುಖ ಕೆಂಪಗಾಗಿ ಹೊರಬಂದು ಹಿಮದಲ್ಲಿ ಕಾಲು ಚಾಚಿ ಕೂತ ಆರ್ಡಿಸ್‌ಳನ್ನು ನೋಡಿದವರಿಗೆ ನಗು ಬರುತ್ತಿತ್ತು. ನಗುತ್ತಲೇ ಒಳಗೊಳಗೇ ಒಂದು ಮೆಚ್ಚುಗೆಯೂ ಏಳುತ್ತಿತ್ತು. ಅವಳಿಗಿಂತ ಚಿಕ್ಕವರು ನಾವು ಟೀವಿ ಮುಂದೆ ಕಾಲು ಮಡಚಿ ಕೂತಿದ್ದೆವು, ನಿಜ ಹೇಳಬೇಕಲ್ಲ.

ಎಲ್ಲ ಚೆನ್ನಾಗಿ ನಡೆದಿತ್ತು. ಕೆಟ್ಟದ್ದು ಒಂದು ಭಾನುವಾರ.

ಮಾರ್ಲಿಸ್ ಊಟಕ್ಕೆ ಬಂದಿದ್ದಳು. ಅವಳು ಒಳ್ಳೆಯವಳು, ಮಾತು ಮಾತ್ರ ನಲ್ಲಿ ಬಿಟ್ಟ ಹಾಗೆ. ಆವತ್ತು ಆರ್ಡಿಸ್ ದ್ವೀಪದ ವಿಷಯ ಹೇಳಿದಳು. ನಲ್ಲಿ ನಿಂತುಹೋಯಿತು. ಮಾರ್ಲಿಸ್ ತಟ್ಟೆ ನೋಡುತ್ತ, ಒಳ್ಳೇದಾಯ್ತು, ಹೋಗಿ ಬಾ, ನನಗೆ ಇಲ್ಲಿ ಏನೂ ತೊಂದರೆ ಇಲ್ಲ ಅಂದಳು. ಆ ಸಪ್ಪೆ ಮುಖ ನೋಡಿ ಆರ್ಡಿಸ್‌ಳ ಬಾಯಿಂದ, ನೀನೂ ಬರಬಹುದಿತ್ತು ಅಂತ ಬಂದುಬಿಟ್ಟಿತು. ಅಯ್ಯೋ ನಾನಾ, ಬೇಡಪ್ಪ ಅಂದಳು ಮಾರ್ಲಿಸ್. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದೇ ಸಲ ಕರೆದು ಬಿಟ್ಟರೆ ಅಣ್ಣನ ಹೆಂಡತಿಯನ್ನು ಅವಮಾನ ಮಾಡಿದ ಹಾಗೆ. ಬಾಗಿಲ ಬಳಿ ಕೋಟು ತೊಡುವಾಗ ಆರ್ಡಿಸ್ ಮತ್ತೊಂದು ಸಲ ಕರೆದಳು, ಮಾರ್ಲಿಸ್ ಮತ್ತೊಂದು ಸಲ ಬೇಡ ಅಂದಳು. ಆಮೇಲೆ ಮಾರ್ಲಿಸ್ ಕಾರಿನಲ್ಲಿ ಕೂತಳು, ಕಿಟಕಿ ಇಳಿಸಿದಳು. ಚಪ್ಪಲಿಯಲ್ಲೇ ಹಿಮದ ಮೇಲೆ ನಿಂತಿದ್ದ ಆರ್ಡಿಸ್‌ಳ ನಾಲಿಗೆ, ಹುಟ್ಟಿದಾಗಿನಿಂದ ಕಲಿತ ಅಭ್ಯಾಸದಲ್ಲಿ, ಅವಳನ್ನು ಕೇಳದೆಯೇ ಹೊರಳಿತು.

"ಬಾರೇ ಮಾರ್ಲಿಸ್. ಚೆನ್ನಾಗಿರುತ್ತೆ."

"ಇಷ್ಟು ಹೇಳ್ತಿದ್ದೀಯ ಅಂದ್ರೆ... ಸರಿ ಹಾಗಾದ್ರೆ," ಅಂದಳು ಮಾರ್ಲಿಸ್.

ಕಾರು ಹೊರಟುಹೋಯಿತು. ಆರ್ಡಿಸ್ ಕಾಲು ಮರಗಟ್ಟುವವರೆಗೂ ಅಲ್ಲೇ ನಿಂತಿದ್ದಳು. ತನ್ನ ಕೈಯಾರೆ ತನ್ನ ಆಸೆಗೆ ಮಣ್ಣು ಹಾಕಿಕೊಂಡಿದ್ದಳು, ಅದೂ ಮರ್ಯಾದೆಯಿಂದ.

ಮಾರನೆಯ ದಿನದಿಂದ ಮಾರ್ಲಿಸ್‌ಗೆ ಹೊಸ ಜೀವ ಬಂತು. ಅವಳು ಡೊಮಿನಿಕಾದ ಥರದ್ದೇ ಹೆಸರಿನ ಇನ್ನೊಂದು ದೇಶದ ಚಿತ್ರಗಳನ್ನು ಇದೇ ಅಂದುಕೊಂಡು ನೋಡಿ, ಕಡಲತೀರ ಎಷ್ಟು ಚೆನ್ನಾಗಿದೆ ಅಂತ ಫೋನು ಮಾಡಿದಳು. ಇಬ್ಬರಿಗೂ ಒಂದೇ ಥರದ ಹುಲ್ಲಿನ ಟೋಪಿ ತರಿಸಿದಳು. ಬೆಟ್ಟ ಹತ್ತುವ ದಿನ ಬೇಡ, ಅದರ ಬದಲು ವ್ಯಾನಿನಲ್ಲಿ ಊರು ತೋರಿಸುತ್ತಾರಂತೆ, ಕೂತಲ್ಲೇ ಎಲ್ಲ ಕಾಣುತ್ತದಂತೆ ಅಂದಳು. ಚರ್ಚಿನಲ್ಲಿ ಪಾದ್ರಿಗಳು ಪ್ರಾರ್ಥನೆಯ ಕೊನೆಗೆ, ದೂರದ ದ್ವೀಪಕ್ಕೆ ಜೊತೆಯಾಗಿ ಹೊರಟಿರುವ ನಮ್ಮ ಇಬ್ಬರು ಸೋದರಿಯರನ್ನು ದೇವರು ಕಾಪಾಡಲಿ ಅಂದರು. ಎಲ್ಲರೂ ತಿರುಗಿ ನೋಡಿ ಮುಗುಳ್ನಕ್ಕರು. ಆರ್ಡಿಸ್ ಕೂಡ ಮುಗುಳ್ನಕ್ಕಳು, ಬೇರೆ ದಾರಿ ಇರಲಿಲ್ಲ. ಆ ವಾರ ಮರಳಿನ ಚೀಲ ಮತ್ತೆ ಕಾರಿನ ಡಿಕ್ಕಿಗೆ ಹೋಯಿತು.

ಶನಿವಾರ ಅವಳು ಬರಿಗಾಲಲ್ಲಿ, ಬರಿಗೈಯಲ್ಲಿ ಸೌನಾಕ್ಕೆ ಹೋದಳು. ಒಳಗೆ ಸದ್ದೇ ಇಲ್ಲದ್ದು ಕೇಳಿ ಟೋಯ್ವೊಗೆ ಗಾಬರಿಯಾಯಿತು. ಬದುಕಿದ್ದೀಯಾ ಅಂತ ಬಾಗಿಲ ಹೊರಗಿನಿಂದ ಕೂಗಿದ. ಆರ್ಡಿಸ್ ಒಳಗೆ ಕತ್ತಲಲ್ಲಿ ಕೂತು ನಡೆದದ್ದೆಲ್ಲ ಹೇಳಿದಳು. ಮುಖ ಕಾಣದೆ ಇದ್ದದ್ದಕ್ಕೆ ಹೇಳಲು ಸುಲಭವಾಯಿತು.

"ಬರಬೇಡ ಅನ್ನು," ಅಂದ ಟೋಯ್ವೊ.

"ಹಾಗೆಲ್ಲ ಹೇಳೋಕಾಗುತ್ತಾ? ನಾನೇ ಕರೆದಿದ್ದು, ಮೂರು ಸಲ."

"ನಮ್ಮಲ್ಲಿ ಒಂದೇ ಸಲ ಕೇಳ್ತೀವಿ. ಬೇಡ ಅಂದ್ರೆ ಕಾಫಿ ಡಬ್ಬ ಮುಚ್ಚಿಡ್ತೀವಿ."

"ಅದಕ್ಕೇ ನಿಮ್ಮನೆಗೆ ಯಾರೂ ಕಾಫಿಗೆ ಬರಲ್ಲ."

ಟೋಯ್ವೊ ಹೊರಗೆ ಕೆಮ್ಮಿದ, ನಕ್ಕಿರಬೇಕು. ಕೊಡಲಿ ಕೆಳಗಿಟ್ಟ. ಆಮೇಲೆ, ಅವಳು ಬಂದ್ರೆ ನಿನ್ನ ಗಂಟೇನು ಹೋಗುತ್ತೆ, ಅವಳು ವ್ಯಾನಿನಲ್ಲಿ ಕೂರಲಿ, ನೀನು ಬೆಟ್ಟ ಹತ್ತು ಅಂದ.

"ನಿಮಗೆ ಅರ್ಥ ಆಗಲ್ಲ ಟೋಯ್ವೊ. ಅವಳು ಅಲ್ಲಿದ್ರೆ ನಾನು ಬೆಟ್ಟದ ಮೇಲೂ ಅವಳದೇ ಯೋಚನೆ ಮಾಡ್ತಿರ್ತೀನಿ. ಊಟ ಮಾಡಿದಳೋ, ಬೇಜಾರು ಮಾಡ್ಕೊಂಡಳೋ, ಬೇಗ ಇಳೀಬೇಕೋ ಅಂತ. ಹುಟ್ಟಿದಾಗಿಂದ ಅದನ್ನೇ ಮಾಡಿದ್ದೀನಿ. ಯಾರೂ ಕಾಯದೆ ಇರೋವಾಗ ನಾನು ಎಷ್ಟು ಜೋರಾಗಿ ನಡೀತೀನಿ, ಎಲ್ಲಿ ಕೂರ್ತೀನಿ, ಏನು ಯೋಚಿಸ್ತೀನಿ, ನನಗೇ ಗೊತ್ತಿಲ್ಲ. ಒಂದು ಸಲ ನೋಡ್ಬೇಕು ಅನ್ನೋ ಆಸೆ. ಈ ಸಲ ಆಗ್ಲಿಲ್ಲ ಅಂದ್ರೆ ನನ್ನ ಕಾಲು ಇನ್ನೊಂದು ಸಲಕ್ಕೆ ಇರಲ್ಲ."

ಟೋಯ್ವೊ ಬಾಗಿಲು ಒಂಚೂರು ಸರಿಸಿ ಇನ್ನೊಂದು ತುಂಡು ಸೌದೆ ಒಳಗೆ ತಳ್ಳಿ ಹೋದ. ಅವನಿಗೆ ಗೊತ್ತಿದ್ದ ಸಮಾಧಾನ ಅಷ್ಟೇ.

ಬುಧವಾರ ಆರ್ಡಿಸ್ ಮಾ ಯೂಜೀನಿಗೆ ಫೋನು ಮಾಡಿದಳು. ಒಂದು ಹಾಸಿಗೆ ಸಾಲದು, ಎರಡು ಬೇಕಾಗಬಹುದು ಅಂದಳು. ಆ ಕಡೆ ಕೋಳಿಗಳ ಸದ್ದು, ಯಾರೋ ಹಾಡುತ್ತಿರುವ ಸದ್ದು. ಮಾ ಯೂಜೀನಿ ಯೋಚಿಸಿ ಹೇಳಿದಳು.

"ಅವತ್ತು ಒಬ್ಬಳು ಅಂದೆಯಲ್ಲ, ಮದುವೆಗೆ ಕರೆದ ಹಾಗೆ ಹೇಳಿದ್ದೆ. ಇವತ್ತು ಇಬ್ಬರು ಅಂತೀಯ, ಸಾವಿನ ಸುದ್ದಿ ಹೇಳೋ ಹಾಗೆ ಹೇಳ್ತೀಯ. ನಾನು ಯಾವುದನ್ನ ಬರ್ಕೊಳ್ಲಿ?"

ಆರ್ಡಿಸ್ ಭಾನುವಾರದವರೆಗೆ ಏನೂ ಬರ್ಕೋಬೇಡಿ ಅಂತ ಹೇಳಿ ಫೋನು ಇಟ್ಟಳು.

ಭಾನುವಾರ ಮಾರ್ಲಿಸ್ ಎರಡು ಟೋಪಿಗಳನ್ನೂ ಒಂದರ ಮೇಲೊಂದು ಇಟ್ಟುಕೊಂಡು ಬಂದಳು. ಒಂದನ್ನು ಆರ್ಡಿಸ್‌ಳ ತಲೆಗೆ ಹಾಕಿ, ಎಷ್ಟು ಚೆಂದ ಕಾಣ್ತೀಯ ಅಂದಳು. ಆರ್ಡಿಸ್ ಒಲೆಯಿಂದ ಹಾಟ್‌ಡಿಶ್ ತೆಗೆದು ಮೇಜಿನ ಮೇಲಿಟ್ಟಳು. ಮಾಂಸ, ಅಣಬೆ, ಮೇಲೆ ಆಲೂಗಡ್ಡೆ ಹಾಕಿ ಬೇಯಿಸಿದ ಅದೇ ಅಡುಗೆ, ಪ್ರತಿ ಭಾನುವಾರದ್ದು. ಇಬ್ಬರೂ ಕೂತರು. ಆರ್ಡಿಸ್ ಮೊದಲು ನಮ್ಮೂರಿನ ದಾರಿಯಲ್ಲೇ ಹೋದಳು, ಅಂದರೆ ಸುತ್ತುದಾರಿಯಲ್ಲಿ. ಅಲ್ಲಿ ಮೊಣಕಾಲುದ್ದ ಕೆಸರಂತೆ ಅಂದಳು. ನಿನ್ನ ಕೈ ಹಿಡ್ಕೋತೀನಿ ಅಂದಳು ಮಾರ್ಲಿಸ್. ಕಣಿವೆಯೆಲ್ಲ ಕೊಳೆತ ಮೊಟ್ಟೆ ವಾಸನೆಯಂತೆ ಅಂದಳು. ಲೆಸ್ಟರ್ ಜೊತೆ ಅಷ್ಟು ವರ್ಷ ಸಂಸಾರ ಮಾಡಿದ್ದೀನಿ, ನನಗೆ ಯಾವ ವಾಸನೆಯೂ ಲೆಕ್ಕವಿಲ್ಲ ಅಂದಳು ಮಾರ್ಲಿಸ್. ಅಲ್ಲಿ ಮೂರು ಹೊತ್ತೂ ಕೆಸುವಿನ ಗಡ್ಡೆಯಂತೆ ಅಂದರೆ, ನಾನು ಬಿಸ್ಕತ್ತು ಕಟ್ಕೊಂಡು ಬರ್ತೀನಿ ಅಂದಳು. ಸೂಚನೆಗಳೆಲ್ಲ ಅವಳಿಗೆ ಪ್ರೀತಿಯ ಹಾಗೆ ಕೇಳಿಸುತ್ತಿದ್ದವು. ಅದು ಅವಳ ತಪ್ಪಲ್ಲ, ನಾವೆಲ್ಲ ಹಾಗೇ ಬೆಳೆದವರು.

ಆರ್ಡಿಸ್ ತಲೆಯ ಮೇಲಿನ ಟೋಪಿ ತೆಗೆದು ಪಕ್ಕಕ್ಕಿಟ್ಟಳು. ಹಿಮದ ರಸ್ತೆಯಲ್ಲಿ ಮಕ್ಕಳು ತುಂಬಿದ ಬಸ್ಸು ಅಡ್ಡಡ್ಡ ಜಾರಿದಾಗ ಸ್ಟಿಯರಿಂಗ್ ಹಿಡಿಯುವ ಹಾಗೆ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮಾರ್ಲಿಸ್, ನೀನು ಬರೋದು ಬೇಡ."

"ನನ್ನ ಮೊಣಕಾಲಿನ ಯೋಚನೆ ಬಿಡು. ಡಾಕ್ಟರು ನಡೀಬಹುದು ಅಂದಿದ್ದಾರೆ."

"ನಿನ್ನ ಮೊಣಕಾಲಿಗಲ್ಲ. ನನಗೋಸ್ಕರ ಹೇಳ್ತಿದ್ದೀನಿ. ನಾನು ಒಬ್ಬಳೇ ಹೋಗ್ಬೇಕು."

ಮಾರ್ಲಿಸ್ ಕೈಯಲ್ಲಿದ್ದ ಫೋರ್ಕು ಅರ್ಧಕ್ಕೆ ನಿಂತಿತು. ಆಮೇಲೆ ಅವಳ ಮುಖ ಮೆತ್ತಗಾಯಿತು. ಎಂಥ ಮನಸ್ಸೇ ನಿನ್ನದು, ನನಗೆ ಖರ್ಚಾಗುತ್ತೆ, ನನಗೆ ಆಯಾಸವಾಗುತ್ತೆ ಅಂತ ಹೀಗೆಲ್ಲ ಹೇಳ್ತೀಯ ಅಂದಳು. ಆರ್ಡಿಸ್‌ಳ ಕೈಯ ಮೇಲೆ ತನ್ನ ಕೈ ಇಟ್ಟಳು.

"ದಾಕ್ಷಿಣ್ಯ ಮಾಡ್ಕೋಬೇಡ. ನಿನ್ನೊಬ್ಬಳನ್ನೇ ಕಳಿಸ್ತೀನಾ ನಾನು? ಬಂದೇ ಬರ್ತೀನಿ."

ಆರ್ಡಿಸ್ ಎರಡು ಸಲ ಬೇಡ ಅಂದಾಗಿತ್ತು, ಲೆಕ್ಕದ ಪ್ರಕಾರ ಇದು ಮೂರನೆಯದು. ಇನ್ನು ಅರ್ಧ ಲೋಟ ಸಾಕು ಅನ್ನುವ ಹಾಗೆ ಸರಿ ಬಾ ಅನ್ನಬೇಕು. ಅವಳ ಅಮ್ಮ ಅನ್ನುತ್ತಿದ್ದಳು, ಅಜ್ಜಿ ಅನ್ನುತ್ತಿದ್ದಳು, ಊರಿನಲ್ಲಿ ಯಾರಾದರೂ ಹಾಗೇ ಅನ್ನುತ್ತಿದ್ದರು. ಹೊರಗೆ ಸರೋವರದ ಮಂಜುಗಡ್ಡೆ ಎಲ್ಲೋ ಬಿರುಕು ಬಿಟ್ಟು ಗುಡುಗಿದ ಸದ್ದಾಯಿತು. ಆರ್ಡಿಸ್ ಮಾರ್ಲಿಸ್‌ಳ ಕೈಯನ್ನು ಸರಿಸಲಿಲ್ಲ. ಅವಳ ಕಣ್ಣು ತಪ್ಪಿಸಲೂ ಇಲ್ಲ.

"ಬೇಡ," ಅಂದಳು.

ಮಾರ್ಲಿಸ್ ಕಾದಳು, ಆ ಮಾತಿನ ಹಿಂದೆ ಇನ್ನೇನಾದರೂ ಬರುತ್ತದೇನೋ ಅಂತ. ಏನೂ ಬರಲಿಲ್ಲ. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರಿತು. ಕೈ ಹಿಂದಕ್ಕೆ ಎಳೆದುಕೊಂಡಳು. ಅವಳು ಎದ್ದು ಕೋಟು ಹಾಕಿಕೊಂಡು ಹೊರಟುಬಿಡುತ್ತಾಳೆ, ಮತ್ತೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಅಂತಲೇ ಆರ್ಡಿಸ್ ಅಂದುಕೊಂಡಳು. ಅವಳಿಗೆ ಅಳು ಬಂತು, ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೇಡ ಅಂತ ಮುಖದ ಮೇಲೆ ಹೇಳಿ, ನೋಯಿಸಿದ್ದೇನೆ ಅಂತ ಗೊತ್ತಿದ್ದೂ ಎದುರಿಗೇ ಕೂತಿರುವುದು ಬೆಟ್ಟ ಹತ್ತುವುದಕ್ಕಿಂತ ದೊಡ್ಡ ಧೈರ್ಯ. ನಮ್ಮಲ್ಲಿ ಎಷ್ಟು ಜನಕ್ಕೆ ಅದು ಬಂದೀತು ಹೇಳಿ.

ಮಾರ್ಲಿಸ್ ಏಳಲಿಲ್ಲ. ಬಹಳ ಹೊತ್ತು ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದಳು. ಮಾತಾಡಿದಾಗ ದನಿ ಸಣ್ಣದಾಗಿತ್ತು.

"ಹಾಗಾದ್ರೆ ಭಾನುವಾರ?"

"ಏನು ಭಾನುವಾರ?"

"ಲೆಸ್ಟರ್ ಹೋದಾಗಿಂದ ಪ್ರತಿ ವಾರ ಊಟಕ್ಕೆ ಕರೀತೀಯ. ಬರ್ತೀನಿ, ಉಣ್ತೀನಿ. ವಾಪಸ್ಸು ಹೋಗುವಾಗ ಕಾರಲ್ಲಿ ಪ್ರತಿ ಸಲ ಅಂದ್ಕೋತೀನಿ, ಪಾಪ, ಆರ್ಡಿಸ್ ದಾಕ್ಷಿಣ್ಯಕ್ಕೆ ಕರೀತಾಳೆ, ಸಾಕು ಅನ್ನೋಕಾಗದೆ ಕರೀತಾಳೆ ಅಂತ. ನಿನ್ನ ಬಾಯಿಂದ ಇವತ್ತಿನವರೆಗೆ ಬೇಡ ಅನ್ನೋ ಮಾತೇ ಕೇಳಿರ್ಲಿಲ್ಲ. ಅದಕ್ಕೇ ನಿನ್ನ ಬಾ ಅನ್ನೋ ಮಾತನ್ನ ನಂಬೋದು ಹೇಗೆ ಅಂತ ಗೊತ್ತಾಗ್ತಿರ್ಲಿಲ್ಲ. ಈಗ ಹೇಳು. ಭಾನುವಾರಾನೂ ಬೇಡ್ವಾ?"

ಆರ್ಡಿಸ್ ಯೋಚಿಸಿದಳು. ಈಗ ತಾನೇ ನಿಜ ಹೇಳಿದ ಬಾಯಿ, ಇದಕ್ಕೂ ನಿಜವನ್ನೇ ಹೇಳಬೇಕಲ್ಲ. ಖಾಲಿ ಭಾನುವಾರವನ್ನು ಕಲ್ಪಿಸಿಕೊಂಡಳು. ಎದುರಿನ ಕುರ್ಚಿ ಖಾಲಿ, ಲೆಸ್ಟರ್‌ನ ಹೆಸರು ಎತ್ತುವವರಿಲ್ಲ, ಅವನ ಗೊರಕೆಯನ್ನು ಅಣಕಿಸಿ ನಗಿಸುವವರಿಲ್ಲ.

"ಭಾನುವಾರ ನೀನು ಬರಬೇಕು," ಅಂದಳು. "ಬರದೆ ಇದ್ರೆ ನನಗೆ ಆಗಲ್ಲ."

"ದ್ವೀಪಕ್ಕೆ?"

"ಬೇಡ."

ಮಾರ್ಲಿಸ್ ಮೂಗೊರೆಸಿಕೊಂಡಳು. ಒಂದು ಸಲ ನಕ್ಕಳೋ ಅತ್ತಳೋ ಹೇಳಲಾಗದಂಥ ಸದ್ದು ಮಾಡಿದಳು. ಆಮೇಲೆ, ನಮ್ಮೂರಿನಲ್ಲಿ ಹುಟ್ಟಿ ಬೆಳೆದ ಯಾವ ಹೆಂಗಸೂ ಮಾಡದ ಕೆಲಸ ಮಾಡಿದಳು. ಇನ್ನಷ್ಟು ಹಾಕಲಾ ಅಂತ ಆರ್ಡಿಸ್ ಒಂದು ಸಲವೂ ಕೇಳಿರಲಿಲ್ಲ. ಮಾರ್ಲಿಸ್ ತಾನೇ ಕೈ ಚಾಚಿ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಚಮಚ ತುಂಬ ಎತ್ತಿ ಎರಡನೇ ಸಲ ಬಡಿಸಿಕೊಂಡಳು. ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಇದಕ್ಕೆ ಉಪ್ಪು ಸಾಲದು ಆರ್ಡಿಸ್," ಅಂದಳು. "ಯಾವ ಭಾನುವಾರವೂ ಸಾಕಾಗಿಲ್ಲ."

ಆರ್ಡಿಸ್ ಎದ್ದು ಉಪ್ಪಿನ ಡಬ್ಬಿ ತಂದಿಟ್ಟಳು.